ಬೋರಿನ ನೀರಿಗೆ ಉಪ್ಪು

ಕಲಘಟಗಿ
೬ ಮಾರ್ಚ್ ೨೦೨೪

ಮೆಹರು,

ಮೊನ್ನೆ ಫೋನಿನಲ್ಲಿ ನೀನು ಒಂದೇ ಉಸಿರಿಗೆ ಒದರಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು: ಎಂಬತ್ತನಾಲ್ಕು ಕೋಳಿ ಬಾಯಿ ತೆರೆದು ತೇಕುತ್ತಿವೆ, ರೆಕ್ಕೆ ಇಳಿಬಿಟ್ಟು ನಿಂತಿರುತ್ತವೆ, ತತ್ತಿ ಅರ್ಧಕ್ಕರ್ಧ ಇಳಿದಿದೆ, ಸಿಟ್ಟಿಗೆದ್ದು ಒಂದರ ಬಾಲವನ್ನು ಇನ್ನೊಂದು ಕುಕ್ಕಿ ಕೀಳುತ್ತಿದೆ. ಇದಕ್ಕೆಲ್ಲ ನಾನೇ ಕಾರಣ, ಏಕೆಂದರೆ ಕೋಳಿ ಸಾಕು ಅಂತ ನಿನ್ನ ಸೊಸೆ ಜುಲೇಖಾಳ ತಲೆಯಲ್ಲಿ ಹುಳ ಬಿಟ್ಟವಳು ನಾನು. ಒಪ್ಪಿದೆ. ಹುಟ್ಟಿದಾಗಿನಿಂದ ತತ್ತಿ ಮುಟ್ಟದ ಮಾಸ್ತರ ಮಗಳು ಊರೂರಿಗೆ ಹೋಗಿ ಹೆಂಗಸರಿಗೆ ಕೋಳಿ ಸಾಕುವ ಪಾಠ ಹೇಳುತ್ತಾಳೆ ಅಂತ ನೀನು ನಗುತ್ತಿದ್ದೆಯಲ್ಲ, ಈಗ ಅದೇ ಪಾಠ ಬೇಕಾಯಿತು ನೋಡು.

ಹೆದರಬೇಡ. ಅದು ರೋಗವಲ್ಲ, ಬಿಸಿಲಿನ ಒತ್ತಡ. ಮನುಷ್ಯರಿಗೆ ಬೆವರು ಬಂದು ಮೈ ತಣ್ಣಗಾಗುತ್ತದೆ, ಕೋಳಿಗೆ ಬೆವರಿಲ್ಲ, ಅದಕ್ಕೇ ತೇಕುತ್ತದೆ. ಅಂಗಡಿಯ ಔಷಧಕ್ಕೆ ಹೋಗಬೇಡ. ಮನೆಯಲ್ಲಿ ಇರುವುದರಿಂದಲೇ ಆಗುತ್ತದೆ. ಫೋನಿನಲ್ಲಿ ಹೇಳಿದರೆ ಮರೆಯುತ್ತೇನೆ, ಬರೆದು ಕಳಿಸು, ಜುಲೇಖಾ ಓದಿಕೊಳ್ಳುತ್ತಾಳೆ ಅಂದೆಯಲ್ಲ, ಹಾಗೇ ಮಾಡಿದ್ದೇನೆ.

ಒಂದು ಕೊಡ ನೀರಿಗೆ ಒಂದು ಹಿಡಿ ಬೆಲ್ಲ, ನಾಲ್ಕು ನಿಂಬೆಹಣ್ಣಿನ ರಸ, ಎರಡು ದೊಡ್ಡ ಚಮಚ ಉಪ್ಪು. ಬಿಸಿಲು ಏರುವ ಮೊದಲೇ ಕಲಸಿ ಇಡಬೇಕು. ತೇಕುವುದು ಕಡಿಮೆ ಆಗದಿದ್ದರೆ ಎಲ್ಲವನ್ನೂ ಇಮ್ಮಡಿ ಮಾಡು. ಬೇರೆ ನೀರು ಇಡಬೇಡ, ಇಟ್ಟರೆ ಇದನ್ನು ಮುಟ್ಟುವುದಿಲ್ಲ. ಕಾಳಿನ ಜೊತೆ ಒಣಗಿಸಿದ ನೆಲ್ಲಿಕಾಯಿ ಪುಡಿ, ನುಗ್ಗೆ ಸೊಪ್ಪು. ಕುಕ್ಕಾಡಿ ಗಾಯವಾದದ್ದಕ್ಕೆ ಅರಿಶಿನ ಹಚ್ಚಿ ಬೇರೆ ಕಟ್ಟು. ಅಶ್ವಗಂಧದ ಬೇರು ಒಂದಿಷ್ಟು ಇದರೊಳಗೇ ಕಟ್ಟಿ ಇಟ್ಟಿದ್ದೇನೆ, ಕುಟ್ಟಿ ವಾರಕ್ಕೆರಡು ಸಲ ಹಾಕಿದರೆ ಗಾಬರಿ ತಗ್ಗುತ್ತದೆ. ಗೂಡಿನ ಮೇಲೆ ತೋಯಿಸಿದ ಗೋಣಿತಟ್ಟು ಹೊದಿಸು. ಮಧ್ಯಾಹ್ನ ಕಾಳು ಹಾಕಬೇಡ, ಬೆಳಿಗ್ಗೆ ಸಂಜೆ ಮಾತ್ರ.

ಜುಲೇಖಾ ಜಾಣೆ. ಹೋದ ಸಲ ನಾನು ತಿರ್ಲಾಪುರಕ್ಕೆ ಬಂದಾಗ ಪ್ರತಿ ಕೋಳಿಗೂ ಅದರ ನಡತೆ ನೋಡಿ ಹೆಸರಿಟ್ಟಿದ್ದಳು, ಒಂದಕ್ಕೆ ನಿನ್ನ ಹೆಸರೇ ಇಟ್ಟಿದ್ದಾಳೆ, ಅದು ನಿನಗೆ ಗೊತ್ತಿಲ್ಲ. ಅವಳಿಗೆ ಬೈಯಬೇಡ.

ನಿನ್ನ ಹಳೆಯ ಬಾಜು ಮನೆಯವಳು,
ವೃಂದಾ

ತಿರ್ಲಾಪುರ
೨೭ ಮಾರ್ಚ್ ೨೦೨೪

ವೃಂದಾ,

ನಾ ಹೇಳಾಕತ್ತೇನಿ, ಜುಲೇಖಾ ಬರ್ಯಾಕತ್ತಾಳ. ಕೋಳಿಗೆ ನನ್ನ ಹೆಸರ ಇಟ್ಟದ್ದು ನಿನ್ನ ಕಾಗದ ಓದಿ ಹೇಳೂವಾಗ ತಾನ ಬಾಯಿ ತಪ್ಪಿ ಓದಿಬಿಟ್ಲು. ಆಮ್ಯಾಲೆ ಎರಡ ದಿನ ನನ್ನ ಮುಖಾ ನೋಡಲಿಲ್ಲ. ಯಾವ ಕೋಳಿ ಅಂತ ಕೇಳಿದ್ರ ಹೇಳವಲ್ಲಳು. ಅಗದಿ ದಪ್ಪಂದು ಇರಬೇಕು.

ನಿನ್ನ ಔಷಧ ಚಲೋ ಹತ್ತೈತಿ. ಮೂರ ದಿನದಾಗ ತೇಕೂದು ಕಡಿಮಿ ಆತು. ಬಾಲ ಕುಕ್ಕೂದು ಬಿಟ್ಟಾವ. ತತ್ತಿ ಮತ್ತ ಐವತ್ತಕ್ಕ ಬಂತು. ಓಣ್ಯಾಗ ಎಲ್ಲಾರೂ ಕೇಳತಾರ, ಏನ ಹಾಕಿದಿ ಅಂತ. ನಮ್ಮ ಮಾಸ್ತರ ಮಗಳು ಹೇಳ್ಯಾಳ ಅಂದೆ. ನಿಮ್ಮಪ್ಪ ಇರೂ ತನಕ ಈ ಊರಾಗ ಯಾರಿಗಿ ಏನ ತಿಳೀದಿದ್ರೂ ನಿಮ್ಮ ಕಟ್ಟಿಗೆ ಬರತಿದ್ರು. ಈಗ ನಿನ್ನ ಕಾಗದಕ್ಕ ಬಂದಾರ ನೋಡು. ಅದನ್ನ ಗ್ವಾಡಿಗೆ ಹಚ್ಚೇನಿ.

ರೋಜಾದ ಉಪವಾಸ ನಡದಾವ. ಮಗ ಬಾಬಾಸಾಬ ಟೆಂಪೋ ತಗೊಂಡು ಹೊತ್ತ ಹೊಂಡೂಕ ಮೊದಲ ಹುಬ್ಬಳ್ಳಿಗೆ ಹೊಕ್ಕಾನ, ಇಫ್ತಾರಿಗೆ ಬರತಾನ. ಬಿಸಿಲು ಭಾಳ. ಈ ಹುಡುಗಿ ರೋಜಾದಾಗೂ ದಿನಾ ಮೂರ ಸಲ ಗೂಡಿಗೆ ಹೋಗಿ ಕೋಳಿ ಮಾತಾಡ್ಸಿ ಬರತಾಳ. ಇದನ್ನ ಬರಿ ಅಂದ್ರ ಬರ್ಯವಲ್ಲಳು, ನಾಚತಾಳ. ಬರದ್ಲು.

ಹಬ್ಬಕ್ಕ ಬಾ. ನಿನಗ ಅಂತ ಬ್ಯಾರೆ ಪಾತೇಲಿ ಇಟ್ಟೇನಿ, ಹಾಲು ಶಾವಗಿ ಹಾಕಿ ಸುರಕುಂಬಾ ಅದರಾಗ ಮಾಡತೇನಿ.

ಮೆಹರುನಬಿ

ಅಕ್ಕಾರ, ಇದು ಅತ್ತಿ ಹೇಳಿದ್ದಲ್ಲ, ನಾ ಜುಲೇಖಾ. ಇಷ್ಟ ದಿನ ಕೆರಿ ನೀರಾಗ ಔಷಧ ಕಲಸತಿದ್ದೆ. ಈಗ ಕೆರಿ ನೀರು ಎಂಟ ದಿನಕ್ಕೊಮ್ಮೆ ಬರತೈತಿ, ಮಂದಿಗೇ ಸಾಲವಲ್ಲದು. ನಾಳಿಂದ ಕೋಳಿಗೆ ಬೋರಿನ ನೀರ ಇಡಬೇಕು. ಅದು ಮೊದಲ ಸವುಳು, ಉಪ್ಪುಪ್ಪಾಗಿ ಇರತೈತಿ. ಅದಕ್ಕೂ ಅಷ್ಟ ಉಪ್ಪು ಹಾಕಬೇಕೇನ್ರಿ? ರೋಜಾ ಇದ್ದೇನಿ, ನಾಲಿಗಿಗೆ ಹಚ್ಚಿ ನೋಡಾಕ ಬರೂದಿಲ್ಲ. ವೃಂದಾ ಬರದಂಗ ಹಾಕು ಅಂತಾರ ಅತ್ತಿ. ನನ್ನ ಫೋನ್ ಒಡದೈತಿ, ಅತ್ತಿ ಫೋನಿಗೆ ಮಾಡಿ ಒಂದ ಮಾತ ಹೇಳ್ರಿ.

ತಿರ್ಲಾಪುರ
೧೪ ಏಪ್ರಿಲ್ ೨೦೨೪

ವೃಂದಾ,

ಇದು ನನ್ನ ಕೈಯಿಂದ ಬರದದ್ದು. ನಾಕನೇತ್ತೆಕ್ಕ ಸಾಲಿ ಬಿಟ್ಟಾಕಿ ನಾನು, ಅಕ್ಷರ ಸೊಟ್ಟ ಅದಾವ. ಬರ್ಯಾಕ ಈಗ ಮನ್ಯಾಗ ಯಾರಿಲ್ಲ.

ನೀ ನಾಕ ಸಲ ಫೋನ್ ಮಾಡಿದಿ. ಎತ್ತಲಿಲ್ಲ. ಎತ್ತಿದ್ರ ಅಳು ಬರತಿತ್ತು, ಹಬ್ಬದಾಗ ಅಳಬಾರದಂತ ಸುಮ್ಮನ ಕುಂತೆ.

ಕೋಳಿ ಹೋದವು. ನಾಕನೇ ತಾರೀಖಿಗೆ ನಿನಗ ಫೋನ್ ಮಾಡಿ, ಭಾಳ ನೀರ ಕುಡ್ಯಾಕತ್ತಾವು ಅಂತ ಕೇಳಿದ್ನೆಲ್ಲ, ಅದರ ಮರುದಿನ ಮುಂಜಾನೆ ಹನ್ನೊಂದು. ಅವತ್ತ ಸಂಜೀಕ ಇಪ್ಪತ್ತು. ಕಾಲಾಗ ಬಲ ಇಲ್ಲದಂಗ ಮಕಾಡೆ ಬೀಳತಿದ್ವು, ಕುತ್ತಿಗಿ ತಿರುವತಿದ್ವು, ನೀರ ನೀರ ಹಿಕ್ಕಿ. ನೀರಿನ ಬೋಗುಣಿ ಮ್ಯಾಲೇ ಬಿದ್ದು ಸತ್ವು. ಏಳನೇ ತಾರೀಖಿಗೆ ಅರವತ್ತೇಳು. ಬಾಬಾಸಾಬ ಹೊಲದ ಬದುವಿನಾಗ ತೆಗ್ಗ ತೋಡಿ ಹುಗದ. ಹದಿನೇಳು ಉಳದಾವ.

ನವಲಗುಂದದಿಂದ ದನದ ಡಾಕ್ಟರು ಬಂದಿದ್ರು. ಒಂದನ್ನ ಕೊಯ್ದು ನೋಡಿ, ನೀರಿಗೆ ಏನ ಹಾಕೀರಿ ಅಂದ್ರು. ಜುಲೇಖಾ ಹೇಳಿದ್ಲು. ಉಪ್ಪು ಭಾಳ ಆಗೇತಿ, ಉಪ್ಪು ನಂಜ ಆಗೇತಿ ಅಂದ್ರು. ನಿನ್ನ ಕಾಗದ ಗ್ವಾಡಿ ಮ್ಯಾಲ ಐತಿ. ಎರಡ ಚಮಚ ಅಂತ ಐತಿ. ಹಂಗಾರ ಈಕಿ ಎಷ್ಟ ಹಾಕಿದ್ಲು? ಅಳತಿ ಪ್ರಕಾರನ ಹಾಕೇನಿ, ತೇಕೂದು ಹೆಚ್ಚಾದಾಗ ಇಮ್ಮಡಿ ಮಾಡೇನಿ, ಬೋರಿನ ನೀರಿಗೆ ಹಾಕಲ್ಯೋ ಬ್ಯಾಡೋ ಅಂತ ವೃಂದಕ್ಕಾರಿಗೆ ಕಾಗದದಾಗ ಕೇಳಿದ್ದೆ ಅಂದ್ಲು.

ಕಾಗದ ಬರಿಸಿದಾಕಿ ನಾನು. ಬರದ ಮ್ಯಾಲೆ ಪೂರಾ ಓದಿಸಿ ಕೇಳೇನಿ. ಅದರಾಗ ಆ ಮಾತ ಇರಲಿಲ್ಲ. ಇದ್ದಿದ್ರ ನೀ ಸುಮ್ಮನ ಇರತಿದ್ದೇನು? ತಪ್ಪ ಮಾಡಿದ್ರ ಮಾಡಿದೆ ಅನ್ನು, ಮಾಸ್ತರ ಮಗಳ ಮ್ಯಾಲೆ ಯಾಕ ಹಾಕತಿ ಅಂತ ಮಂದಿ ಮುಂದ ಬೈದೆ. ಸುಳ್ಳುಗಾತಿ ಅಂದೆ. ಬಾಬಾಸಾಬನೂ ಅಂದ. ಹಬ್ಬದ ಮರುದಿನ ಆಕಿ ಅಪ್ಪ ಬಂದು ಅಣ್ಣಿಗೇರಿಗೆ ಕರಕೊಂಡ ಹೋದ್ರು. ನಾವೂ ತಡೀಲಿಲ್ಲ.

ನಿನ್ನ ಹೆಸರ ಕೆಡಲಿಲ್ಲ, ಅದೊಂದು ಸಮಾಧಾನ.

ಮೆಹರುನಬಿ

ಕಲಘಟಗಿ
೨೦ ಏಪ್ರಿಲ್ ೨೦೨೪

ಮೆಹರು,

ನಿನ್ನ ಕಾಗದ ಓದಿದೆ. ಅರವತ್ತೇಳು ಜೀವ. ನನಗೇ ಇಷ್ಟು ಸಂಕಟವಾದರೆ ನಿನಗೆ ಹೇಗಾಗಿರಬೇಡ.

ಬಿಸಿಲು ಈ ವರ್ಷ ಎಲ್ಲ ಕಡೆ ಹಾಗೇ ಇದೆ. ಕುಂದಗೋಳದ ಕಡೆಯಲ್ಲೂ ಕೋಳಿ ಸತ್ತ ಸುದ್ದಿ ಬಂದಿದೆ. ಉಪ್ಪು ಒಂದೇ ಕಾರಣ ಅಂತ ಹೇಳಲಾಗದು. ಬೋಗುಣಿಯ ನೀರು ಬಿಸಿಲಿಗೆ ಆರಿ ಗಟ್ಟಿಯಾಗಿರಬಹುದು, ಗಾಳಿ ಆಡದಿರಬಹುದು, ಹತ್ತು ಕಾರಣ ಇರುತ್ತವೆ. ಆದದ್ದು ಆಯಿತು. ಯಾರ ಕೈ ತಪ್ಪು ಅಂತ ಹುಡುಕುತ್ತಾ ಕುಳಿತರೆ ಮನೆ ಒಡೆಯುತ್ತದೆ. ಜುಲೇಖಾ ಚಿಕ್ಕವಳು. ಅವಳನ್ನು ಕರೆದುಕೊಂಡು ಬಾ.

ಉಳಿದ ಹದಿನೇಳಕ್ಕೆ ಬರೀ ಕೆರೆ ನೀರು ಇಡು, ಏನೂ ಬೆರೆಸಬೇಡ. ನಿಮಗೆ ಕಡಿಮೆಯಾದರೂ ಚಿಂತೆಯಿಲ್ಲ, ಅವಕ್ಕೆ ಒಂದು ಕೊಡ ತೆಗೆದಿಡು.

ಇಲ್ಲಿ ತರಬೇತಿ ಮೇಲೆ ತರಬೇತಿ. ಹಬ್ಬಕ್ಕೆ ಬರಲಾಗಲಿಲ್ಲ. ಮೇ ತಿಂಗಳಲ್ಲಿ ಬರಲು ನೋಡುತ್ತೇನೆ.

ವೃಂದಾ

ತಿರ್ಲಾಪುರ
೨೦ ಜೂನ್ ೨೦೨೪

ವೃಂದಾ,

ಮೇ ಹೋತು, ನೀ ಬರಲಿಲ್ಲ. ಇರಲಿ, ಕೆಲಸದಾಕಿ ನೀನು.

ಜುಲೇಖಾ ಬಂದಿಲ್ಲ. ಬಾಬಾಸಾಬ ಎರಡ ಸಲ ಅಣ್ಣಿಗೇರಿಗೆ ಹೋಗಿದ್ದ. ಸುಳ್ಳುಗಾತಿ ಅಂದದ್ದನ್ನ ಎಲ್ಲಾರ ಮುಂದ ತಿರುಗಿ ತಗೋಬೇಕು, ಅಂದ್ರ ಬರತೇನಿ ಅಂದಳಂತ. ಸುಳ್ಳ ಹೇಳಿದಾಕಿಗೆ ನಾ ಹೆಂಗ ಮಾತ ತಿರುಗಿ ತಗೊಳ್ಳಿ? ಇಬ್ಬರೂ ಹಟ ಹಿಡದೇವಿ. ಅವರ ಕಡೆಯವರು ಇನ್ನ ಈ ಸಂಬಂಧ ಬಿಡಿಸಿಕೊಡ್ರಿ ಅನ್ನಾಕತ್ತಾರ. ಮೂವತ್ತನೇ ತಾರೀಖು ರವಿವಾರ ಹಿರಿಯರು ಕೂಡತಾರ.

ಒಂದ ಉಪಕಾರ ಮಾಡು. ಜುಲೇಖಾನ ಕಡಿಂದ ಅಂಥಾ ಯಾವ ಪ್ರಶ್ನೆನೂ ನನಗ ಬಂದಿಲ್ಲ ಅಂತ ಎರಡ ಸಾಲ ಬರದು ಸಹಿ ಮಾಡಿ ಕಳಸು. ನೀ ಬರದದ್ದು ಅಂದ್ರ ಯಾರೂ ಎದುರ ಮಾತಾಡೂದಿಲ್ಲ. ಆಕಿ ಒಪ್ಪಿಕೊಂಡ್ರ ನಾ ಅವತ್ತ ಕರಕೊಂಡ ಬರತೇನಿ. ನನಗೂ ಆಕಿ ಇಲ್ಲದ ಮನಿ ಬ್ಯಾಡ ಆಗೇತಿ.

ಮೆಹರುನಬಿ

ಕಲಘಟಗಿ
೨೪ ಜೂನ್ ೨೦೨೪

ಮೆಹರು,

ನೀನು ಕೇಳಿದ ಎರಡು ಸಾಲು ನಾನು ಬರೆಯಲಾರೆ. ಅದರ ಬದಲು ನಿನ್ನ ಮಾರ್ಚ್ ತಿಂಗಳ ಕಾಗದವನ್ನೇ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಹೆಸರಿನ ಕೆಳಗೆ ನೋಡು. ಜುಲೇಖಾ ಕೇಳಿದ್ದಾಳೆ. ನೀನು ಓದಿಸಿ ಕೇಳಿದ ಮೇಲೆ ನಿನಗೆ ಗೊತ್ತಾಗದಂತೆ ಬರೆದಿದ್ದಾಳೆ, ಏಕೆಂದರೆ ನನ್ನ ಮಾತಿನ ಮೇಲೆ ಅನುಮಾನ ಪಟ್ಟರೆ ನೀನು ಸಿಟ್ಟಾಗುತ್ತೀ ಅಂತ ಅವಳಿಗೆ ಗೊತ್ತಿತ್ತು. ಅವಳು ಸುಳ್ಳು ಹೇಳಿಲ್ಲ. ಅಳತೆಯಲ್ಲೂ ತಪ್ಪಿಲ್ಲ. ಸವುಳು ನೀರಿಗೆ ಎರಡು ಚಮಚ, ಆಮೇಲೆ ನಾಲ್ಕು ಚಮಚ, ಕುಡಿಯಲು ಬೇರೆ ನೀರಿಲ್ಲ. ಕುಡಿದಷ್ಟೂ ನೀರಡಿಕೆ, ನೀರಡಿಸಿದಷ್ಟೂ ಅದೇ ನೀರು. ಅವನ್ನು ಕೊಂದದ್ದು ನಾನು ಬರೆದ ಅಳತೆ.

ಮೆಹರು, ಹದಿನೆಂಟು ವರ್ಷ ಆ ಊರಿನ ನೀರು ಹೊತ್ತವಳು ನಾನು. ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ ಅಂತ ಕೆರೆಗೆ ನೀನೂ ನಾನೂ ಕೂಡಿಯೇ ಹೋಗುತ್ತಿದ್ದೆವು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಸಿಹಿನೀರು ಕುಡಿದು, ನೀರು ಅಂದರೆ ಎಲ್ಲ ಕಡೆ ಒಂದೇ ಅನ್ನುವ ಹಾಗೆ ಬರೆದುಬಿಟ್ಟೆ. ಯಾವ ನೀರು ಅಂತ ಒಂದು ಮಾತು ಕೇಳಲಿಲ್ಲ. ನನಗೆ ನಾಚಿಕೆಯಾಗಿದೆ.

ಆ ಕಾಗದ ಬಂದಾಗ ತರಬೇತಿಯ ಗದ್ದಲವಿತ್ತು. ನಿನ್ನ ಹೆಸರಿನ ತನಕ ಓದಿ ಮಡಚಿಟ್ಟೆ. ಕೆಳಗಿನ ಸಾಲುಗಳು ಕಣ್ಣಿಗೆ ಬೀಳಲಿಲ್ಲ. ಈಗ ನೀನು ಬರೆದ ಮೇಲೆ ತೆಗೆದು ನೋಡಿದಾಗಲೇ ಕಂಡದ್ದು.

ಇದನ್ನು ಹಿರಿಯರ ಮುಂದೆ ಓದಿಸು. ಗೋಡೆಯ ಮೇಲಿನ ನನ್ನ ಕಾಗದ ಹರಿದು ಹಾಕು. ನನ್ನ ಮಾತು ಕೇಳಿ ಓಣಿಯಲ್ಲಿ ಇನ್ನಾರಾದರೂ ಹಾಗೆ ಮಾಡುತ್ತಿದ್ದರೆ ಇವತ್ತೇ ಹೋಗಿ ಬಿಡಿಸು. ಇಲ್ಲಿ ನಮ್ಮ ಕೇಂದ್ರದಲ್ಲೂ ಹೇಳಿದ್ದೇನೆ, ನಾನು ಪಾಠ ಮಾಡಿದ ಊರುಗಳಿಗೆಲ್ಲ ತಿದ್ದಿ ತಿಳಿಸುತ್ತಿದ್ದಾರೆ.

ಬೈಯಬೇಕೆನಿಸಿದರೆ ಬೈದು ಬರೆ.

ವೃಂದಾ

ಅಣ್ಣಿಗೇರಿ
೮ ಜುಲೈ ೨೦೨೪

ವೃಂದಕ್ಕಾರಿಗೆ,

ನಾ ಜುಲೇಖಾಬಿ. ಅತ್ತಿ ಹೇಳಿಸಿ ಬರಿಸಿದ್ದಲ್ಲ, ನಂದ ನಾ ಬರ್ಯಾಕತ್ತೇನಿ.

ಮೂವತ್ತನೇ ತಾರೀಖು ರವಿವಾರ ಹಿರಿಯರು ಕೂಡಿದ್ರು. ನೀವು ಕಳಿಸಿದ ಎರಡೂ ಕಾಗದ ಓದಿದ್ರು. ಹುಡುಗಿ ಖರೇ ಹೇಳ್ಯಾಳ ಅಂದ್ರು. ಅತ್ತಿ ಎದ್ದ ಬಂದು ಎಲ್ಲಾರ ಮುಂದ ನನ್ನ ಕೈ ಹಿಡಕೊಂಡ್ರು. ‘ನಾ ನಿನ್ನ ಮಾತ ನಂಬಲಿಲ್ಲ, ಕಾಗದ ನಂಬಿದೆ’ ಅಂದ್ರು. ನಮ್ಮ ಮನಿಯವರು ಮುಖಾ ಮ್ಯಾಲೆ ಎತ್ತಲಿಲ್ಲ. ಹತ್ತೊಂಬತ್ತನೇ ತಾರೀಖು ಶುಕ್ರವಾರ ಕರಕೊಂಡ ಹೋಗಾಕ ಬರತಾರ. ಹೋಗತೇನಿ ಅಂತ ಹೇಳೇನಿ.

ಅತ್ತಿ ದಿನಾ ಅಪ್ಪನ ಫೋನಿಗೆ ಮಾಡಿ ಹೇಳತಾರ, ವೃಂದಾ ದೊಡ್ಡ ಮನಸಿನಾಕಿ, ತನ್ನ ತಪ್ಪ ತಾನ ಬರದು ಕಳಿಸಿದ್ಲು ಅಂತ. ಅದನ್ನ ಕೇಳಿದಾಗೊಮ್ಮೆ ನನಗ ಒಳಗ ಒಂಥರಾ ಆಗತೈತಿ. ಅದಕ್ಕ ಬರ್ಯಾಕತ್ತೇನಿ.

ಎಂಬತ್ತ ದಿನ ನಾ ತೌರಮನ್ಯಾಗ ಸುಳ್ಳುಗಾತಿ ಅಂತ ಅನ್ನಿಸಿಕೊಂಡು ಕುಂತೆ. ನನ್ನ ಅವ್ವನೂ ಒಂದಿನ ಕೇಳಿದ್ಲು, ಖರೇನ ಬರದಿದ್ದೇನು, ನೆನಪ ಮಾಡಿಕೋ ಅಂತ. ಕಡೀಕ ನನಗೂ ಅನುಮಾನ ಬಂತು, ಬರದೇನೋ ಇಲ್ಲೋ ಅಂತ. ಕೋಳಿ ಸತ್ತದ್ದಕ್ಕಿಂತ ಅದು ಕೆಟ್ಟ ಅನಿಸ್ತು.

ಅಕ್ಕಾರ, ನಾ ಬರದ ಸಾಲು ನೀವು ಖರೇನ ಜೂನ್ ತಿಂಗಳದಾಗ ನೋಡಿದ್ರೇನು? ಅವತ್ತ ನೋಡಿದ್ರೇನು? ನನಗ ಅಷ್ಟ ಹೇಳ್ರಿ. ಅತ್ತಿಗೆ ಹೇಳೂದಿಲ್ಲ.

ಜುಲೇಖಾಬಿ

ಕಲಘಟಗಿ
೧೧ ಜುಲೈ ೨೦೨೪

ಜುಲೇಖಾ,

ನೀನು ಹೇಳುವುದಿಲ್ಲ ಅಂದದ್ದು ನಿನ್ನ ಒಳ್ಳೆಯತನ. ಆದರೆ ನನ್ನ ಗುಟ್ಟು ಹೊತ್ತುಕೊಂಡು ನೀನು ಆ ಮನೆಗೆ ಹೋಗುವುದು ಬೇಡ. ಕೆಳಗೆ ಬರೆದಿರುವುದನ್ನೇ ನಿನ್ನ ಅತ್ತೆಗೂ ಬೇರೆ ಕಾಗದದಲ್ಲಿ ಬರೆದು ಇವತ್ತು ಬೆಳಿಗ್ಗೆ ಟಪಾಲಿಗೆ ಹಾಕಿ ಬಂದೆ. ನೀನು ಮನೆ ಸೇರುವ ಹೊತ್ತಿಗೆ ಅದೂ ಸೇರುತ್ತದೆ. ಅವಳಿಗೆ ನೀನೇ ಓದಿ ಹೇಳಬೇಕಾಗಬಹುದು. ಅದೊಂದು ಕಷ್ಟ ನಿನಗೆ ಕೊಡುತ್ತಿದ್ದೇನೆ.

ಜೂನ್‌ನಲ್ಲಿ ಕಂಡೆ ಅಂದದ್ದು ಸುಳ್ಳು. ಹಿರಿಯರ ಮುಂದೆ ಓದಿಸಿದ ಕಾಗದದಲ್ಲೂ ನಾನು ಸುಳ್ಳು ಬರೆದೆ. ಮರೆತವಳು ಅನ್ನಿಸಿಕೊಳ್ಳಲು ತಯಾರಿದ್ದೆ, ಮುಚ್ಚಿಟ್ಟವಳು ಅನ್ನಿಸಿಕೊಳ್ಳಲು ಧೈರ್ಯ ಬರಲಿಲ್ಲ.

ನಿಮ್ಮ ಕಾಗದ ಬಂದದ್ದು ಏಪ್ರಿಲ್ ಒಂದು, ಸೋಮವಾರ. ಸಂಜೆ ಚಹಾ ಕುಡಿಯುತ್ತಾ ಓದಿದೆ. ಮೆಹರುವಿನ ಮಾತು ಓದಿ ನಕ್ಕೆ, ಆಮೇಲೆ ನಿನ್ನದನ್ನೂ ಓದಿದೆ, ಒಂದಕ್ಷರ ಬಿಡದೆ. ಉತ್ತರ ಆಗಲೇ ಗೊತ್ತಿತ್ತು. ಇಫ್ತಾರಿನ ಹೊತ್ತು, ತೊಂದರೆ ಬೇಡ, ಊಟವಾದ ಮೇಲೆ ಫೋನ್ ಮಾಡೋಣ ಅಂದುಕೊಂಡೆ. ಮರುದಿನ ಐವತ್ತು ಹೆಂಗಸರ ತರಬೇತಿ. ಅದರ ಮರುದಿನದಿಂದ ಎರಡು ದಿನ ಧಾರವಾಡದ ಅಧಿಕಾರಿಗಳು ಬಂದು ಇರುವವರಿದ್ದರು. ಚಿಕ್ಕ ಹುಡುಗಿಯ ಚಿಕ್ಕ ಪ್ರಶ್ನೆ, ಎರಡು ದಿನ ತಡವಾದರೆ ಏನಾಗುತ್ತದೆ ಅಂದುಕೊಂಡೆ. ನಿನ್ನ ಅತ್ತೆ ಕೇಳಿದ್ದರೆ ಆ ಹೊತ್ತಿಗೇ ಫೋನ್ ಮಾಡುತ್ತಿದ್ದೆನೇನೋ.

ಕೋಳಿ ಸತ್ತ ಸುದ್ದಿ ಬಂದ ಮೇಲೆ ನಿನ್ನ ಸಾಲುಗಳನ್ನು ತೆಗೆದು ಮತ್ತೆ ಓದಿದೆ. ಅದೇ ದಿನ ಆ ಕಾಗದವನ್ನು ಹಳೆ ಸೀರೆಗಳ ಟ್ರಂಕಿನ ತಳಕ್ಕೆ ಹಾಕಿದೆ. ಬಿಸಿಲು, ಗಾಳಿ, ಕುಂದಗೋಳ ಅಂತ ಇಲ್ಲದ್ದನ್ನೆಲ್ಲ ಹುಡುಕಿ ಮೆಹರುವಿಗೆ ಬರೆದೆ. ನಿನ್ನನ್ನು ಕರೆದುಕೊಂಡು ಬಾ ಅಂತಲೂ ಬರೆದೆ, ನೀನು ತಪ್ಪು ಮಾಡಿದವಳು, ನಾನು ಕ್ಷಮಿಸಲು ಹೇಳುವವಳು ಅನ್ನುವ ಹಾಗೆ. ಮೇ ತಿಂಗಳಲ್ಲಿ ತಿರ್ಲಾಪುರಕ್ಕೆ ಬರುತ್ತೇನೆ ಅಂದು ಬರಲಿಲ್ಲ. ಬಂದರೆ ನೀನಿಲ್ಲದ ಆ ಮನೆ ನೋಡಬೇಕಾಗುತ್ತಿತ್ತು.

ಇನ್ನೂ ಒಂದಿದೆ. ಅದನ್ನು ನೀನು ಕೇಳಿಲ್ಲ, ಆದರೆ ಬಿಟ್ಟರೆ ಇದೂ ಅರ್ಧ ಕಾಗದವಾಗುತ್ತದೆ.

ಏಪ್ರಿಲ್ ನಾಲ್ಕು, ಗುರುವಾರ, ಮಧ್ಯಾಹ್ನ ನಿನ್ನ ಅತ್ತೆ ಫೋನ್ ಮಾಡಿದಳು. ಕೋಳಿಗಳು ಭಾಳ ನೀರು ಕುಡಿಯುತ್ತಿವೆ ಅಂದಳು. ನಿನ್ನ ಪ್ರಶ್ನೆ ನನಗೆ ಆ ಕ್ಷಣಕ್ಕೇ ನೆನಪಾಯಿತು. ಎದುರಿಗೆ ಅಧಿಕಾರಿಗಳು ಕುಳಿತಿದ್ದರು, ಅದೇ ಬೆಲ್ಲ ಉಪ್ಪಿನ ಅಳತೆ ಬಹಳ ಚೆನ್ನಾಗಿದೆ ಅಂತ ಹೊಗಳುತ್ತಿದ್ದರು. ಅವರ ಮುಂದೆ, ಅದಕ್ಕೆ ಉಪ್ಪು ಹಾಕಬೇಡ, ನನ್ನ ಅಳತೆ ನಿಮ್ಮ ನೀರಿಗೆ ನಡೆಯುವುದಿಲ್ಲ ಅಂತ ಹೇಳಲು ನಾಲಿಗೆ ಹೊರಳಲಿಲ್ಲ. ಕುಡಿಯಲಿ, ಒಳ್ಳೆಯದು ಅಂದು ಫೋನ್ ಇಟ್ಟೆ.

ಆ ಮಧ್ಯಾಹ್ನ ನಿನ್ನ ಎಂಬತ್ತನಾಲ್ಕು ಕೋಳಿಯೂ ಬದುಕಿದ್ದವು.

ವೃಂದಾ